ಅಕ್ಕಿಯಲ್ಲಿ ಬರೆದ ಹೆಸರು

ನನಗೆ ಸಿಟ್ಟು ಬೇಗ ಬರುತ್ತದೆ. ಸರ್ಕಾರಿ ಕಚೇರಿಯ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಕೂತವಳಿಗೆ ಸಿಟ್ಟು ಬರದೆ ಮತ್ತೇನು ಬರಬೇಕು? "ಅಕ್ಕಾರ, ಎರಡೂ ಬಾಜು ಒಂದ ಹಾಳ್ಯಾಗ ತಗದ ಕೊಡ್ರಿ" ಎಂದು ಬೆಳಗಿನಿಂದ ಸಂಜೆಯವರೆಗೆ ಅದೇ ರಾಗ. ತೆಗೆದುಕೊಟ್ಟರೆ ಒಳಗೆ ಹೋಗಿ ಹತ್ತು ನಿಮಿಷಕ್ಕೆ ಮುಖ ಸಣ್ಣ ಮಾಡಿಕೊಂಡು ವಾಪಸ್ಸು ಬರುತ್ತಾರೆ, ಇನ್ನೊಂದು ಕಾಗದ ಬೇಕಂತೆ. ಆ ಕಾಗದ ತಂದರೆ ಮತ್ತೊಂದು. ಇಳಕಲ್ಲಿನಲ್ಲಿ ಗೀತಾಂಜಲಿಯ ಬಾಯಿ ಜೋರು ಎನ್ನುತ್ತಾರೆ. ಒಂದು ವಾರ ನನ್ನ ಕುರ್ಚಿಯ ಮೇಲೆ ಕೂತು ನೋಡಲಿ, ಆಮೇಲೆ ಅನ್ನಲಿ.

ಇರಲಿ, ಇದು ನನ್ನ ಕತೆಯಲ್ಲ. ನಮ್ಮ ಓಣಿಯ ಮಹಾನಂದಕ್ಕನದು.

ಮಹಾನಂದಕ್ಕನಿಗೆ ಐವತ್ತರ ಆಸುಪಾಸು. ಗಂಡ ಹುಚ್ಚೇಶ ನೇಕಾರ. ಕೆಮ್ಮಿ ಕೆಮ್ಮಿ ಒಂದು ಮಳೆಗಾಲದಲ್ಲಿ ಹೋಗಿಬಿಟ್ಟ. ಮಕ್ಕಳಿಲ್ಲ. ಇರುವುದು ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಚರಕ. ಮಗ್ಗದ ಮನೆಗಳಿಂದ ನೂಲು ತಂದು ಸಣ್ಣ ಸಣ್ಣ ಕೊಳವೆಗೆ ಸುತ್ತಿ, ಲಾಳಿಯೊಳಗೆ ಕೂರುವ ಹಾಗೆ ಕಂಡಿಕೆ ಮಾಡಿಕೊಡುತ್ತಾಳೆ. ದಿನವಿಡೀ ನೂಲು ಬೆರಳ ತುದಿಯಲ್ಲೇ ಓಡುತ್ತಿರುತ್ತದೆ. ಪಕ್ಕದ ಮನೆಯ ರಂಜಾನಬಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಇಬ್ಬರ ನಡುವೆ ಗೋಡೆ ಅಂತ ಒಂದಿದೆ, ಆದರೆ ಅದರ ಮೇಲಿಂದ ಸಾರಿನ ಬಟ್ಟಲು ಹೋಗುವುದೂ ಬರುವುದೂ ನಿಂತ ದಿನವನ್ನು ನಾನು ಕಂಡಿಲ್ಲ.

ಮಹಾನಂದಕ್ಕ ಹೆಚ್ಚು ಮಾತಿನವಳಲ್ಲ. ಆದರೆ ಚುನಾವಣೆ ಬಂತೆಂದರೆ ಅವಳ ಅವತಾರವೇ ಬೇರೆ. ತಲೆ ತುಂಬ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿನ ಸೀರೆ ಉಟ್ಟು, ಬಾಗಿಲು ತೆರೆಯುವ ಮೊದಲೇ ಬೂತಿನ ಮುಂದೆ ಹಾಜರು. ಯಾರಿಗೆ ಹಾಕಿದೆ ಎಂದರೆ ಹೇಳುವವಳಲ್ಲ. ಒಂದು ಸಲ ನಾನು ಬಿಡದೆ ಗಂಟು ಬಿದ್ದೆ.

"ಯವ್ವಾ, ಅಷ್ಟ್ಯಾಕ ಹಿಗ್ಗತಿ? ಓಟ ಹಾಕಿದ್ರ ನಿನಗೇನ ಬಂಗಾರ ಕೊಡ್ತಾರೇನ?"

ಅವಳು ಚರಕ ನಿಲ್ಲಿಸಿದಳು. "ಗೀತಾ, ಅಲ್ಲಿ ಮೂರ ಕಡೆ ರಟ್ಟ ಇಟ್ಟಿರ್ತಾರ ನೋಡು. ಅದರ ಮರಿಗೆ ನಿಂತಾಗ ನಾ ಒಬ್ಬಾಕೀನ. ಅತ್ತಿ ಇಲ್ಲ, ಮಾವ ಇಲ್ಲ, ಇವರಿಲ್ಲ. ನಾ ಏನ ಮಾಡಿದ್ನಿ ಅಂತ ಯಾರಿಗೂ ತಿಳಿಯೂದಿಲ್ಲ. ಹುಟ್ಟಿದಾಗಿಂದ ನನಗ ಅಂತ ಒಂದ ಮೂಲಿ ಇದ್ದಿಲ್ಲ. ಅದೊಂದ ಐತಿ."

ಅಷ್ಟು ಹೇಳಿ ಮತ್ತೆ ಚರಕ ತಿರುಗಿಸಿದಳು.

ಈ ಸಲ ಯುಗಾದಿಯ ಹೊತ್ತಿಗೆ, ಮತದಾರರ ಪಟ್ಟಿಯನ್ನು ಬುಡದಿಂದ ಜಾಲಿಸುತ್ತೇವೆ ಎಂಬ ಸುದ್ದಿ ಬಂತು. ಕೈಯಲ್ಲಿನ ಕಾರ್ಡು ಒಂದೇ ಸಾಲದು. ಇಪ್ಪತ್ತು ಚಿಲ್ಲರೆ ವರ್ಷದ ಹಿಂದಿನ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. ಇಲ್ಲದಿದ್ದರೆ ನಿಮ್ಮ ತಂದೆಯದೋ ತಾಯಿಯದೋ ಇರಬೇಕು, ಮತ್ತು ನೀವು ಅವರಿಗೇ ಹುಟ್ಟಿದವರು ಎಂಬುದಕ್ಕೆ ಪುರಾವೆ ಬೇಕು. ಗಂಡಸರಿಗೇನು, ಹುಟ್ಟಿದ ಮನೆಯಲ್ಲೇ ಬೆಳೆದು ಹುಟ್ಟಿದ ಮನೆಯಲ್ಲೇ ಮುದುಕರಾಗುತ್ತಾರೆ. ಅಪ್ಪನ ಹೆಸರು ಬೆನ್ನಿಗೇ ಅಂಟಿಕೊಂಡಿರುತ್ತದೆ. ಹೆಂಗಸರನ್ನು ಇಲ್ಲಿಂದ ಕಿತ್ತು ಅಲ್ಲಿ ಹಚ್ಚಿ, ಊರು ಬದಲಿಸಿ, ಅಡ್ಡಹೆಸರು ಬದಲಿಸಿ, ಆಮೇಲೆ "ನೀನು ಯಾರ ಮಗಳು, ಪುರಾವೆ ತಾ" ಎಂದರೆ ಎಲ್ಲಿಂದ ತರಬೇಕು? ಆ ವಾರವೆಲ್ಲ ನನ್ನ ಅಂಗಡಿಯ ಮುಂದೆ ನಿಂತವರು ಬರೀ ಹೆಂಗಸರು.

ಮಹಾನಂದಕ್ಕನ ಮನೆಗೆ ನೋಟಿಸು ತಂದವಳು ಅಂಗನವಾಡಿಯ ನಿಖತ ಟೀಚರು. ಬೂತಿನ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು ಪಾಪ.

"ಮಹಾನಂದಕ್ಕಾರ, ಹಳೇ ಪಟ್ಟ್ಯಾಗ ನಿಮ್ಮ ಹೆಸರ ಇಲ್ಲರಿ. ನಿಮ್ಮ ಮಾಲಕರದೂ ಇಲ್ಲ. ಆಗ ಎಲ್ಲಿದ್ರಿ?"

"ಇಚಲಕರಂಜಿಗೆ ಹೋಗಿದ್ವಿ ತಂಗಿ, ಪವರಲೂಮಿಗೆ. ಇಲ್ಲಿ ಮಗ್ಗ ನಿಂತಿದ್ವು."

"ಮಾಲಕರ ಹೆಸರ ಒಮ್ಮಿ ಹೇಳ್ರಿ, ಇನ್ನೊಮ್ಮಿ ತಾಳೆ ಹಾಕಿ ನೋಡತೇನಿ."

ಮಹಾನಂದಕ್ಕ ಸೆರಗು ಬಾಯಿಗೆ ಹಿಡಿದಳು. ಗಂಡ ಸತ್ತು ಎಷ್ಟು ವರ್ಷವಾದರೂ ಅವನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಗೋಡೆಯ ಆಚೆಯಿಂದ ರಂಜಾನಬಿಯೇ "ಹುಚ್ಚೇಶ ಅಂತ ಬರಕೊ ಬೇಟಿ, ಆಕಿ ಸತ್ತರೂ ಹೇಳೂದಿಲ್ಲ" ಎಂದು ಕೂಗಿದಳು. ಎಲ್ಲರೂ ನಕ್ಕೆವು. ಆಗ ಇನ್ನೂ ನಗುವ ಧೈರ್ಯವಿತ್ತು.

ತಂದೆ ಚಂದಪ್ಪ, ತಾಯಿ ಹನಮವ್ವ, ಇಬ್ಬರ ಹೆಸರೂ ಹಳೆಯ ಪಟ್ಟಿಯಲ್ಲಿ ಬಾಗಲಕೋಟೆಯ ಕಡೆ ಸಿಕ್ಕಿತು. ಇಬ್ಬರೂ ತೀರಿಕೊಂಡವರು. ಇನ್ನು ಮಗಳು ಎಂಬ ಪುರಾವೆ. ಅವಳು ನಾಲ್ಕನೇ ಇಯತ್ತೆಯವರೆಗೆ ಓದಿದ ಸಾಲೆಯ ಕಟ್ಟಡ ಹಳೇ ಬಾಗಲಕೋಟೆಯ ಜೊತೆ ಹಿನ್ನೀರಿನ ಪಾಲಾಗಿದೆ. ಆದರೆ ದಾಖಲೆಗಳನ್ನು ಪುಣ್ಯಾತ್ಮರು ಯಾರೋ ಹೊತ್ತು ಸಾಗಿಸಿದ್ದರು. ಅಲೆದಾಡಿ ದಾಖಲೆ ತಂದಳು. ಚಂದಪ್ಪನ ಮಗಳು ಎಂದು ಸ್ಪಷ್ಟವಾಗಿ ಇತ್ತು. ಮಗಳ ಹೆಸರು ಮಾತ್ರ ಕಾಳವ್ವ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಸೊಸೆಗೆ ಹೊಸ ಹೆಸರು ಇಡುತ್ತಾರೆ. ಗಂಡ ಉಂಗುರದಿಂದ ಆ ಹೆಸರನ್ನು ಅಕ್ಕಿಯ ಮೇಲೆ ಬರೆಯುತ್ತಾನೆ. ಅಲ್ಲಿಂದ ಮುಂದೆ ಅವಳು ಅದೇ. ಎಲ್ಲ ಮನೆಯಲ್ಲೂ ಹೀಗೆ ಮಾಡುವುದಿಲ್ಲ, ಆದರೆ ಇವಳದು ಮಾಡಲೇಬೇಕಾದ ಮನೆಯಾಗಿತ್ತು. ಯಾಕೆಂದರೆ ಅತ್ತೆಯ ಹೆಸರೂ ಕಾಳವ್ವ. ಸೊಸೆಯನ್ನು ಬೈಯಬೇಕಾದಾಗ ತನ್ನ ಹೆಸರನ್ನು ತಾನೇ ಕೂಗಿ ಬೈದುಕೊಳ್ಳಲು ಯಾವ ಅತ್ತೆ ಒಪ್ಪುತ್ತಾಳೆ? ಹೀಗಾಗಿ ಕಾಳವ್ವ ಅಕ್ಕಿಯ ತಟ್ಟೆಯಲ್ಲಿ ಮಹಾನಂದಾ ಆದಳು. ಪಡಿತರ ಚೀಟಿ, ಮತದಾರರ ಕಾರ್ಡು, ಬ್ಯಾಂಕಿನ ಪುಸ್ತಕ, ಎಲ್ಲದರಲ್ಲೂ ಮಹಾನಂದಾ.

ಮೊದಲ ಸಲ ಕಚೇರಿಗೆ ಹೋದಾಗ ನಾನೂ ಅಂಗಡಿ ಬಿಟ್ಟು ಜೊತೆಗೆ ಹೋದೆ. ಟೇಬಲ್ಲಿನ ಹಿಂದೆ ಕೂತವನು ಸಾಲೆಯ ಕಾಗದ ತಿರುಗಿಸಿ ನೋಡಿದ.

"ಈ ಕಾಳವ್ವ ಯಾರ್ರಿ?"

"ನಾನ್ರಿ."

"ಮತ್ತ ಮಹಾನಂದಾ?"

"ಅದೂ ನಾನ್ರಿ."

"ಎರಡೂ ನೀವ ಅನ್ನಾಕ ಏನೈತಿ?"

"ಮದಿವ್ಯಾಗ ಹೆಸರ ಬದಲ ಮಾಡಿದ್ರರಿ. ಅಕ್ಕಿ ಮ್ಯಾಲ ಬರದಿದ್ರು."

"ಆ ಅಕ್ಕಿ ಎಲ್ಲೈತಿ?" ಎಂದ ಅವನು. ಹಿಂದೆ ಸಾಲಿನಲ್ಲಿ ನಿಂತ ಗಂಡಸರು ಕಿಸಿಕಿಸಿ ನಕ್ಕರು.

"ಉಂಡ್ವಿರಿ" ಎಂದಳು ಮಹಾನಂದಕ್ಕ. ಅವಳು ತಮಾಷೆ ಮಾಡಿದ್ದಲ್ಲ, ಕೇಳಿದ್ದಕ್ಕೆ ಖರೆ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. "ಮದಿವಿ ಅಕ್ಕಿ ಯಾರರ ಕಟ್ಟಿ ಇಡ್ತಾರೇನ್ರಿ ಸಾಹೇಬರ? ನಿಮ್ಮ ಮನ್ಯಾಗ ಇಟ್ಟೀರೇನು?" ಎಂದುಬಿಟ್ಟೆ. ಅವನು ಪೆನ್ನು ಕೆಳಗಿಟ್ಟು, ತವರಿನವರು ಯಾರಾದರೂ ಬಂದು ಇವಳು ನಮ್ಮವಳು ಎಂದು ಬರೆದುಕೊಡಲಿ, ಇಲ್ಲದಿದ್ದರೆ ಹೆಸರು ತೆಗೆಯಬೇಕಾಗುತ್ತದೆ ಎಂದ. ವಿಚಾರಣೆಗೆ ಕಾರಹುಣ್ಣಿವೆಯ ನಂತರದ ಒಂದು ದಿನ ಕೊಟ್ಟ.

ತವರು ಎಂದರೆ ಈಗ ಇರುವುದು ಒಬ್ಬನೇ, ಅಣ್ಣ ಶ್ರೀಧರ. ಮುಳುಗಡೆಯಾದ ಮೇಲೆ ತಂದೆಯ ಹೆಸರಿಗೆ ನವನಗರದಲ್ಲಿ ಸೈಟು ಸಿಕ್ಕಿತ್ತು. ಅದರ ಮೇಲೆ ಮನೆ ಕಟ್ಟಿಕೊಂಡು, ಸಿಮೆಂಟಿನ ಅಂಗಡಿ ನಡೆಸುತ್ತಾನೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. ತಂಗಿಯ ಮದುವೆಯಾದ ವರ್ಷದಿಂದ, ನಾಗರಪಂಚಮಿಗೆ ಅವಳನ್ನು ತವರಿಗೆ ಕರೆಯಲು ಬರುವುದನ್ನು ಒಂದು ಸಲವೂ ತಪ್ಪಿಸಿದವನಲ್ಲ. ಇಚಲಕರಂಜಿಗೂ ಹೋಗಿ ತಂಗಿಯನ್ನು ಕರೆತಂದವನು. ಶ್ರಾವಣ ಬಂತೆಂದರೆ ನಮ್ಮ ಓಣಿಯ ತುದಿಯಲ್ಲಿ ಅವನ ಮೋಟರ್ ಸೈಕಲ್ಲು, ಹ್ಯಾಂಡಲ್ಲಿಗೆ ಉಂಡೆಯ ಡಬ್ಬಿ. ಮಹಾನಂದಕ್ಕ ಆ ನಾಲ್ಕು ದಿನ ಹುಡುಗಿಯಾಗುತ್ತಿದ್ದಳು. ಜೋಕಾಲಿ ಆಡಿ ಬಂದವಳ ಅಂಗೈ ಹಗ್ಗದ ಉಜ್ಜಿಗೆ ಕೆಂಪಾಗಿರುತ್ತಿತ್ತು. ಗಂಡ ಇಲ್ಲ, ಮಕ್ಕಳಿಲ್ಲ, ಆ ನಾಲ್ಕು ದಿನದ ಮೇಲೆ ಅವಳ ವರ್ಷ ನಿಂತಿತ್ತು.

ಅಂಥ ಅಣ್ಣ ಫೋನಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲು ಶುರು ಮಾಡಿದ. "ನೋಡೂಣಂತ ತಂಗಿ", "ಬರೂ ವಾರ ಬರ್ತೇನಿ", "ವಕೀಲರನ್ನ ಕೇಳಿ ಹೇಳ್ತೇನಿ". ಕಾರಹುಣ್ಣಿವೆ ಹತ್ತಿರವಾಯಿತು. ಕಡೆಗೆ ನಾನೇ ಅವಳನ್ನು ಬಸ್ಸು ಹತ್ತಿಸಿಕೊಂಡು ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಗೆ ಹೋದೆ.

ಶ್ರೀಧರನ ಹೆಂಡತಿ ಪ್ರೀತಿ ಒಗ್ಗರಣೆ ಚುರುಮುರಿ, ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಮನೆಯ ಮೇಲೆ ಇನ್ನೊಂದು ಅಂತಸ್ತು ಅರ್ಧ ಎದ್ದಿತ್ತು. ಅರ್ಧಕ್ಕೇ ನಿಂತಿತ್ತು ಅನ್ನಬೇಕು.

ಮಹಾನಂದಕ್ಕ ಚುರುಮುರಿ ಮುಟ್ಟಲಿಲ್ಲ. "ಅಣ್ಣಾ, ಒಂದ ಕಾಗದ. ನಾ ನಿನ್ನ ತಂಗಿ ಅಂತ ಬರದ ಸಹಿ ಮಾಡು, ಸಾಕು."

"ನೀ ನನ್ನ ತಂಗಿ ಅನ್ನೂದು ಊರಿಗೇ ಗೊತ್ತೈತಿ. ಅದಕ್ಕ ಕಾಗದ ಯಾಕ ಬೇಕ?"

"ಊರಿಗೆ ಗೊತ್ತೈತಿ. ಕಚೇರಿಗೆ ಗೊತ್ತಿಲ್ಲಲ್ಲ."

ಅವನು ತಲೆ ಕೆಳಗೆ ಹಾಕಿದ. "ವಕೀಲರು ಬ್ಯಾಡ ಅಂದಾರ ಯವ್ವಾ. ಚಂದಪ್ಪಗ ಮಗಳ ಅದಾಳ ಅಂತ ನಾನ ಬರದ ಕೊಟ್ರ, ಸೈಟಿನಾಗ ನಿನ್ನ ಪಾಲೈತಿ ಅಂತ ನಾನ ಒಪ್ಪಿಕೊಂಡಂಗ ಆಕ್ಕೈತಂತ."

"ನಾ ಯಾವಾಗ ಪಾಲು ಕೇಳೀನೊ?"

"ನೀ ಕೇಳೂದಿಲ್ಲ, ಖರೆ. ಬ್ಯಾಂಕಿನವರು ಕೇಳ್ತಾರ. ಮ್ಯಾಲಿನ ಮನಿ ಸಾಲಕ್ಕ ಕೂತೈತಿ." ಎದ್ದು ಒಳಗೆ ಹೋಗಿ ಒಂದು ಕಾಗದ ತಂದ. "ಇದಕ್ಕ ನೀ ಸಹಿ ಮಾಡು. ತಂದಿ ಆಸ್ತ್ಯಾಗ ನನಗೇನೂ ಬ್ಯಾಡ ಅಂತ. ಆಮ್ಯಾಲ ನೀ ಹೇಳಿದ್ದಕ್ಕ ನಾ ಸಹಿ ಮಾಡತೇನಿ. ಎರಡೂ ಒಂದ ದಿನ ಮುಗಸೂಣು."

ಹಕ್ಕು ಬಿಟ್ಟುಕೊಡುವ ಪತ್ರ. ಟೈಪ್ ಆಗಿ ಸಿದ್ಧವಾಗಿತ್ತು. ಕಾಗದದ ನಡುವೆ ದಿನ ತೆಗೆಯುವವಳು ನಾನು. ಮಡಿಕೆಯಲ್ಲಿ ಹಳದಿ ಬಿದ್ದಿತ್ತು, ತುದಿ ಮೆತ್ತಗಾಗಿತ್ತು. ಎಷ್ಟೋ ಪಂಚಮಿಗಳಲ್ಲಿ ಅವನು ಅದನ್ನು ಹೊರಗೆ ತೆಗೆಯಬೇಕೆಂದು ಹೊರಟು, ಬಾಯಿ ಬರದೆ ಮತ್ತೆ ಒಳಗೆ ಇಟ್ಟಿದ್ದಾನೆ. ಈಗ ಬಾಯಿ ಬಂದಿತ್ತು.

"ಭೇಷ್ ಅಣ್ಣಾರ!" ಎಂದೆ ನಾನು. "ತಂಗಿ ಅಂತ ಅನ್ನಿಸಿಕೊಳ್ಳಾಕ ತಂಗಿ ಅಲ್ಲ ಅಂತ ಬರಕೊಡಬೇಕಾತು. ಮಕ್ಕಳಿಲ್ಲದಾಕಿ, ನಿಮ್ಮ ಸೈಟು ತಲಿಮ್ಯಾಲ ಹೊತಗೊಂಡ ಎಲ್ಲಿಗೆ ಒಯ್ತಾಳ್ರಿ?"

"ಸುಮ್ಕಿರ ಗೀತಾ" ಎಂದಳು ಮಹಾನಂದಕ್ಕ. ಅಣ್ಣನ ಮುಖವನ್ನೇ ನೋಡುತ್ತಿದ್ದಳು. "ಇದಕ್ಕ ಸಹಿ ಮಾಡಿದ ಮ್ಯಾಲ ಪಂಚಮಿಗೆ ಕರಿಯಾಕ ಬರ್ತೀಯಲ್ಲ?"

"ಏನ ಮಾತಂತ ಆಡ್ತಿ ತಂಗಿ!" ಶ್ರೀಧರನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ಪಂಚಮಿ ಎಂದರ ತಪ್ಪಿಸೀನೇನ ನಾ?"

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನಾನು ಅವಳ ಜೊತೆ ಜಗಳಾಡಿದೆ. "ಹುಚ್ಚಿ, ಒಂದ ಓಟಿನ ಸಲುವಾಗಿ ತವರಮನಿ ಹಕ್ಕ ಬಿಡ್ತೀಯಾ? ಕಾಯ್ದೆ ನಿನ್ನ ಕಡೆ ಐತಿ. ಮಗಳಿಗೂ ಸಮಪಾಲು."

"ಆ ಪಾಲು ನನ್ನ ಕೈಗೆ ಎಂದ ಬಂದಿತ್ತು ಬಿಡಾಕ? ಇದ್ದೂ ಇಲ್ಲದ್ದು ಅದು. ಓಟು ನನ್ನ ಕೈಯಾಗ ಇತ್ತು. ಇದ್ದದ್ದನ್ನ ಕಸಗೊಳ್ಳಾಕ ಬಂದಾರ. ನನಗ ಅದೊಂದ ಮೂಲಿ ಗೀತಾ." ಚೀಲ ಮಡಿಲಿಗೆ ಎಳೆದುಕೊಂಡು, "ಅಣ್ಣನ ಜೋಡಿ ಕೋರ್ಟು ಏರಿದ್ರ ಪಂಚಮಿ ಎಲ್ಲಿಂದ ಬರಬೇಕು?" ಎಂದಳು.

 ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ ಕಟ್ಟಿದವರು ಯಾರೋ, ಅವರನ್ನು ಮನಸ್ಸಿನಲ್ಲೇ ಬೈದು ಬಸ್ಸು ಹತ್ತಿದೆ.

ಹಕ್ಕು ಬಿಡುವ ಪತ್ರದ ನೋಂದಣಿಯ ದಿನ ಅವಳ ಹೆಬ್ಬೆರಳು ಯಂತ್ರಕ್ಕೆ ಹತ್ತಲೇ ಇಲ್ಲ. ವರ್ಷಗಟ್ಟಲೆ ನೂಲು ಓಡಿ ಓಡಿ ಗೆರೆ ಸವೆದಿದ್ದವು. ಒರೆಸಿ ಒತ್ತಿದರು, ನೀರು ಹಚ್ಚಿ ಒತ್ತಿದರು, ಬೇರೆ ಬೆರಳು ಒತ್ತಿದರು. ಶ್ರೀಧರನಿಗೆ ಬೆವರು ಕಿತ್ತುಕೊಂಡಿತು. ಕಡೆಗೆ ಎಡಗೈಯ ಕಿರುಬೆರಳು ಹೇಗೋ ಹತ್ತಿತು. ಅಲ್ಲಿನ ಗುಮಾಸ್ತ ಪತ್ರ ಓದಿ ಕೇಳಿದ:

"ಚಂದಪ್ಪನ ಮಗಳು ಕಾಳವ್ವ ಉರ್ಫ್ ಮಹಾನಂದಾ. ಇವರ ಏನ್ರಿ?"

ಮಹಾನಂದಕ್ಕ ಬಾಯಿ ತೆರೆಯುವ ಮೊದಲೇ ಶ್ರೀಧರ ಮುಂದೆ ಬಂದ. "ಹೌದ್ರಿ ಸಾಹೇಬರ. ನನ್ನ ಸ್ವಂತ ಒಡಹುಟ್ಟಿದ ತಂಗಿ. ನಾನ ಎತ್ತಿ ಆಡಿಸೀನ್ರಿ ಈಕಿನ್ನ."

ಇಷ್ಟು ಹೇಳಲಿ ಎಂದೇ ಅವಳು ಯುಗಾದಿಯಿಂದ ಕಾದಿದ್ದಳು. ಫೋನು ಮಾಡಿದ್ದಳು, ಬಸ್ಸು ಹತ್ತಿದ್ದಳು. ಆಗ ಬರದ ಮಾತು ಈಗ ತಡವಿಲ್ಲದೆ ಬಂತು. ನಾನು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತ ನಿಂತೆ. ಮಹಾನಂದಕ್ಕ ಸಹಿ ಮಾಡಿದಳು, ಕಾಳವ್ವ ಎಂದು. ಆ ಹೆಸರು ಬರೆದು ಎಷ್ಟು ವರ್ಷವಾಗಿತ್ತೋ, ವ ಒತ್ತು ಹಾಕುವಾಗ ಕೈ ತಡೆಯಿತು. ಆಮೇಲೆ ಶ್ರೀಧರ ಹೊರಗಿನ ಕಟ್ಟೆಯ ಮೇಲೆ ಅವಳ ಕಾಗದಕ್ಕೂ ಸಹಿ ಹಾಕಿದ. ಮಾತಿಗೆ ತಪ್ಪಲಿಲ್ಲ.

ವಿಚಾರಣೆಗೆ ಮಹಾನಂದಕ್ಕ, ರಂಜಾನಬಿ, ನಾನು ಮೂವರೂ ಹೋದೆವು. ರಂಜಾನಬಿಗೂ ಅದೇ ನೋಟಿಸು ಬಂದಿತ್ತು. ಅಧಿಕಾರಿ ಮಹಾನಂದಕ್ಕನ ಕಾಗದಗಳನ್ನು ಒಂದೊಂದಾಗಿ ನೋಡಿದರು. ಅಣ್ಣ ಬರೆದುಕೊಟ್ಟದ್ದನ್ನು ಎರಡು ಸಾಲು ಓದಿ ಬದಿಗೆ ಸರಿಸಿದರು. "ಇಂಥವು ಯಾರ ಬೇಕಾದ್ರೂ ಬರಕೊಡ್ತಾರ. ಬ್ಯಾರೆ ಏನೈತಿ?"

ನಾನು ಹಕ್ಕು ಬಿಟ್ಟ ಪತ್ರದ ನಕಲು ಮುಂದಿಟ್ಟೆ. ಅವರು ಮುದ್ರೆ ನೋಡಿದರು, ಕನ್ನಡಕ ಸರಿಮಾಡಿಕೊಂಡು ಓದಿದರು. "ಇದು ಆಗ್ತದ. ನೋಂದಣಿ ಆಗ್ಯದ. ತಂದಿ ಹೆಸರದ, ಎರಡೂ ಹೆಸರದಾವ. ಮಗಳಂತ ಅದ." ಮುದ್ರೆ ಒತ್ತಿ, ಹೆಸರು ಉಳಿಸಿಕೊಂಡಿದ್ದೇವೆ ಎಂಬ ಕಾಗದ ಕೊಟ್ಟರು.

ಮಹಾನಂದಾ ಚಂದಪ್ಪನ ಮಗಳೆಂದು ಕಚೇರಿ ಒಪ್ಪಿದ ಕಾಗದ ಜಗತ್ತಿನಲ್ಲಿ ಅದೊಂದೇ. ಅದೂ ಮಗಳಾಗಿ ತನಗೆ ಬರಬೇಕಾದದ್ದು ಏನೂ ಬೇಡ ಎಂದು ಬರೆದುಕೊಟ್ಟದ್ದು. 

ರಂಜಾನಬಿಯ ಸರದಿ ಬೇಗ ಮುಗಿಯಿತು. ಅವಳ ತವರೂ ಹೊಳೆದಂಡೆಯ ಹಳ್ಳಿ, ಮುಳುಗಡೆಯದೇ. ಹಳೆಯ ಪಟ್ಟಿಯಲ್ಲಿ ಅವಳದೂ ಇರಲಿಲ್ಲ, ಅಪ್ಪ ನಬಿಸಾಬನ ಹೆಸರಂತೂ ಯಾವ ಪಟ್ಟಿಯಲ್ಲೂ ಸಿಗಲಿಲ್ಲ. ಹೊಸ ಊರಿಗೆ ಎತ್ತಿ ಹಾಕುವಾಗ ಎಲ್ಲಿ ಜಾರಿತೋ. ತಮ್ಮಂದಿರು ಗೋವಾದ ಕಡೆ ಕಟ್ಟಡದ ಕೆಲಸಕ್ಕೆ ಹೋದವರು, ಫೋನು ಹತ್ತುವುದಿಲ್ಲ. ಸಾಲೆಗೆ ಅವಳನ್ನು ಕಳಿಸಿಯೇ ಇರಲಿಲ್ಲ. "ಮ್ಯಾಲಿನವರಿಗೆ ಅರ್ಜಿ ಹಾಕ್ರಿ" ಎಂದರು. ಹಾಕಿದೆವು. ನಾನೇ ಬರೆದೆ, ಜಗಳವಾಡಿ ಸ್ವೀಕೃತಿಯ ಮುದ್ರೆ ಹಾಕಿಸಿದೆ. ಉತ್ತರ ಬರಲಿಲ್ಲ. ಹೊಸ ಪಟ್ಟಿ ಗೋಡೆಗೆ ಅಂಟಿಸಿದ ದಿನ ನಿಖತ ಟೀಚರು ರಂಜಾನಬಿಯ ಮನೆಯ ಮುಂದಿನಿಂದ ಹೋಗದೆ ಹಿಂದಿನ ಸಂದಿಯಿಂದ ಹೋದಳು.

ಶ್ರಾವಣ ಬಂತು. ಮಹಾನಂದಕ್ಕ ಚೀಲ ಕಟ್ಟಿಕೊಂಡಳು. ಪ್ರೀತಿ ವೈನಿಗೆ ಒಂದು ಸೀರೆ, ತಾನೇ ಸುತ್ತಿದ ನೂಲಿನದು, ಮಗ್ಗದ ಮನೆಯಲ್ಲಿ ಹೇಳಿ ನೇಯಿಸಿಕೊಂಡದ್ದು. ನಾಗರಚೌತಿಯ ಮುಂಜಾನೆಯಿಂದ ಬಾಗಿಲಲ್ಲಿ ಕೂತಳು. ಓಣಿಯ ತುದಿಯಲ್ಲಿ ಮೋಟರ್ ಸೈಕಲ್ಲಿನ ಸದ್ದಾದಾಗೆಲ್ಲ ಕತ್ತು ಎತ್ತುತ್ತಿದ್ದಳು. ಮಧ್ಯಾಹ್ನ ಫೋನು ಬಂತು.

"ತಂಗಿ, ಅಂಗಡ್ಯಾಗ ಲೋಡ್ ಬಂದೈತಿ. ಈ ಸಲ ಬರಾಕ ಆಗೂದಿಲ್ಲ. ಉಂಡಿ ಡಬ್ಬಿ ಬಸ್ಸಿನಾಗ ಕಂಡಕ್ಟರ್ ಕೈಯಾಗ ಕೊಟ್ಟೇನಿ, ಇಸ್ಕೊ."

ಲೋಡೂ ಇಲ್ಲ, ಗೀಡೂ ಇಲ್ಲ. ನಾಚಿಕೆ. ತಂಗಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮುಖ ಅವನಿಗೆ ಉಳಿದಿರಲಿಲ್ಲ. ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಕ್ಷಮಿಸಲಾರೆ. ಬಸ್‌ಸ್ಟ್ಯಾಂಡಿಗೆ ಹೋಗಿ ಡಬ್ಬಿ ಇಸಿದುಕೊಂಡು ಬಂದವಳು ನಾನೇ. ಶೇಂಗಾ ಉಂಡೆ, ಎಳ್ಳುಂಡೆ, ಬೇಸನ್ ಉಂಡೆ, ಯಾವುದೂ ಕಡಿಮೆಯಿರಲಿಲ್ಲ. ಮಹಾನಂದಕ್ಕ ಒಂದನ್ನೂ ಬಾಯಿಗೆ ಹಾಕಲಿಲ್ಲ. ಓಣಿಯ ಮಕ್ಕಳಿಗೆ ಹಂಚಿ, ಡಬ್ಬಿ ತೊಳೆದು, ಬೋರಲು ಹಾಕಿ ಇಟ್ಟಳು.

"ಅತ್ತರ ಅತ್ತಬಿಡು" ಎಂದೆ.

"ಯಾಕ ಅಳ್ಳಿ? ನನ್ನ ಕೈಲೆ ಸಹಿ ಮಾಡೇನಿ" ಎಂದು ಚರಕಕ್ಕೆ ಕೂತಳು. ಹಬ್ಬದ ದಿನ ಯಾರೂ ಚರಕ ತಿರುಗಿಸುವುದಿಲ್ಲ. ಅವಳು ಕತ್ತಲಾಗುವವರೆಗೂ ತಿರುಗಿಸಿದಳು. ಗೋಡೆಯಾಚೆ ರಂಜಾನಬಿ ಆ ಸದ್ದು ಕೇಳುತ್ತ ಕುಚ್ಚು ಕಟ್ಟುತ್ತಿದ್ದಳು.

ದಸರೆ ಮುಗಿದ ಮೇಲೆ ಊರ ಚುನಾವಣೆ ಬಂತು. ಮಹಾನಂದಕ್ಕ ಎಣ್ಣೆ ಹಚ್ಚಿ ಬಾಚಿಕೊಂಡಳು. ಉಟ್ಟದ್ದು ವೈನಿಗೆಂದು ನೇಯಿಸಿದ ಸೀರೆ. ನಾವು ಹೊರಟಾಗ ರಂಜಾನಬಿಯೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಪ್ರತಿ ಸಲ ನಾವು ಮೂವರೂ ಕೂಡಿಯೇ ಹೋಗುವುದು.

"ನೀ ಯಾಕ ಬಿಸಿಲಾಗ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಕೇಳಿದ ಮೇಲೆ ನನ್ನ ನಾಲಗೆ ಕಚ್ಚಿಕೊಂಡೆ.

"ಒಳಗ ಮೊಬೈಲ್ ಬಿಡೂದಿಲ್ಲಲ್ಲ" ಎಂದಳು ಅವಳು. "ನಿಮ್ಮಿಬ್ಬರದೂ ನಾ ಹಿಡಕೊಂಡ ನಿಂದರ್ತೇನಿ."

ಗೇಟಿನ ಹೊರಗೆ, ಬೇವಿನ ಗಿಡದ ಕೆಳಗೆ, ಎರಡು ಮೊಬೈಲು ಹಿಡಿದುಕೊಂಡು ಅವಳು ನಿಂತಳು. ಹಿಂದಿನ ಸಲ ಅವಳಿಗೆ ಓಟು ಕೇಳಿ ಕೈಮುಗಿದಿದ್ದ ಪಕ್ಷದ ಹುಡುಗರು ಈ ಸಲ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಪಟ್ಟಿಯಲ್ಲಿ ಇಲ್ಲದವಳಿಗೆ ಕೈಮುಗಿದು ಏನು ಲಾಭ?

ಮಹಾನಂದಕ್ಕ ರಟ್ಟಿನ ಮರೆಯಲ್ಲಿ ತುಸು ಹೆಚ್ಚು ಹೊತ್ತು ನಿಂತಳು. ಒಳಗಿನವರು "ಬೇಗ ಮಾಡ್ರಿ ಅಮ್ಮಾರ" ಎಂದರು. ಹೊರಗೆ ಬಂದಾಗ ಬೆರಳಿಗೆ ಶಾಯಿ ಇತ್ತು, ಮುಖದಲ್ಲಿ ಹಿಂದಿನ ಹಿಗ್ಗು ಇರಲಿಲ್ಲ.

"ಯಾರಿಗೆ ಹಾಕಿದಿ?" ಎಂದೆ, ರೂಢಿಯಂತೆ.

"ರಟ್ಟಿನ ಮರಿ ಮಾತು ಹೊರಗ ಹೇಳಬಾರದು." ಅದೂ ರೂಢಿಯ ಉತ್ತರವೇ. ಆದರೆ ಮುಂದೆ ಒಂದು ಮಾತು ಸೇರಿಸಿದಳು. "ಮೊದಲ ಅಲ್ಲಿ ನಿಂತಾಗಷ್ಟ ಒಬ್ಬಾಕಿ ಆಗಿರ್ತಿದ್ನಿ, ಗೀತಾ. ಈಗ ಹೊರಗ ಬಂದ್ರೂ ಒಬ್ಬಾಕೀನ."

ರಂಜಾನಬಿ ಮೊಬೈಲು ಚಾಚಿದಳು. "ಮ್ಯಾಲಿಂದ ಮ್ಯಾಲ ಬಡಕೊಳ್ಳಾಕತ್ತಿತ್ತು. ನಿಮ್ಮ ಅಣ್ಣನ ಫೋಟೋ ಬಂತು. ಎತ್ತಲಿಲ್ಲ ನಾ."

ಅಷ್ಟರಲ್ಲಿ ಮತ್ತೆ ಬಡಿದುಕೊಂಡಿತು. ಮಹಾನಂದಕ್ಕನಿಗೆ ಕಿವಿ ಸ್ವಲ್ಪ ಮಂದ, ಮಗ್ಗದ ಸದ್ದಿನಲ್ಲಿ ಬದುಕಿದವಳು. ಮೊಬೈಲಿನ ಸದ್ದು ಯಾವಾಗಲೂ ಪೂರ್ತಿ ಏರಿಸಿಯೇ ಇಟ್ಟಿರುತ್ತಾಳೆ. ಹೀಗಾಗಿ ಶ್ರೀಧರ ಮಾತಾಡಿದ್ದೆಲ್ಲ ನಮಗೂ ಕೇಳಿಸಿತು.

"ತಂಗಿ, ಬ್ಯಾಂಕಿನವರು ತಕರಾರ ತಗದಾರ. ಪತ್ರದಾಗ ಉರ್ಫ್ ಅಂತ ನೀವ ಬರಕೊಂಡ್ರ ನಡಿಯೂದಿಲ್ಲ ಅಂತ. ಕಾಳವ್ವ, ಮಹಾನಂದಾ ಇಬ್ಬರೂ ಒಬ್ಬಾಕೀನ ಅನ್ನಾಕ ಬ್ಯಾರೆ ಪುರಾವೆ ಕೇಳ್ತಾರ. ನಿನ್ನ ಹೆಸರ ಉಳಿಸಿಕೊಂಡೀವಿ ಅಂತ ಕಚೇರ್ಯಾಗ ಒಂದ ಕಾಗದ ಕೊಟ್ಟಾರಲ್ಲ, ಅದನ್ನ ಜಲ್ದಿ ಕಳಸ ಯವ್ವಾ. ಇಲ್ಲಂದ್ರ ಸಾಲ ಸಿಗೂದಿಲ್ಲ."

ಮಹಾನಂದಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆ ಕಡೆಯಿಂದ "ಹಲೋ, ಹಲೋ, ಕೇಳಾಕತ್ತೈತೇನ?" ಎಂದು ಬರುತ್ತಿತ್ತು.

"ನಾ ನಿನ್ನ ತಂಗಿ ಅನ್ನೂದು ಊರಿಗೇ ಗೊತ್ತೈತಲ್ಲ ಅಣ್ಣಾ" ಎಂದಳು ಕಡೆಗೆ. "ಅದಕ್ಕ ಕಾಗದ ಯಾಕ ಬೇಕ?"

ಚುಚ್ಚಿ ಹೇಳಿದ್ದಲ್ಲ. ನಾನಾಗಿದ್ದರೆ ಚುಚ್ಚಿ, ತಿರುವಿ, ಉಪ್ಪು ಸವರಿ ಹೇಳುತ್ತಿದ್ದೆ. ಅವಳ ದನಿ ದಣಿದಿತ್ತು, ಅಷ್ಟೇ. 

"ಕಳಸಾಕ ಆಗೂದಿಲ್ಲ" ಎಂದಳು ಮಹಾನಂದಕ್ಕ. "ಬರೂ ಪಂಚಮಿಗೆ ಕರಿಯಾಕ ಬಾ. ಬರುಮುಂದ ನಾನ ತರ್ತೇನಿ."

"ಅಲ್ಲಿತನಾ ಹ್ಯಾಂಗ ತಡಿಯೂದ ತಂಗಿ, ಬ್ಯಾಂಕಿನವರು..."

ಅವಳು ಫೋನು ಇಟ್ಟು, ಅದನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು.  

ರಂಜಾನಬಿ ಅವಳ ಕೈ ಹಿಡಿದು ಬೆರಳಿನ ಶಾಯಿಯನ್ನು ನೋಡಿದಳು. ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿದಳು, ಹೋಗುತ್ತದೋ ಏನೋ ಎಂಬಂತೆ.

"ನಿನಗ ನಸೀಬರ ಐತಿ ಬಿಡ ಮಹಾನಂದಾ" ಎಂದಳು. "ನೀ ಯಾರಂತ ಕೇಳಾಕ ಒಬ್ಬಾಂವ ಫೋನರ ಮಾಡತಾನ. ನನ್ನ ಕಾಗದ ಯಾರಿಗೂ ಬೇಕಾಗಿಲ್ಲ."

ಬಿಸಿಲು ಏರಿತ್ತು. ಗೋಡೆಯ ನೆರಳು ಹಿಡಿದು ಮೂವರೂ ಓಣಿಯ ಕಡೆ ನಡೆದೆವು.